ಸಪ್ಪಳವಿಲ್ಲದೆ ಇಳಿಸಿದ ಕುದುರೆ

ಪಿಸ್ತೂಲಿನ ಹಿಂಬದಿಯಲ್ಲಿ ಮೇಲೆದ್ದು ನಿಲ್ಲುವ ಸಣ್ಣ ಉಕ್ಕಿನ ತುಂಡಿಗೆ ನಮ್ಮ ಕಡೆಯವರು ಕುದುರೆ ಎನ್ನುತ್ತಾರೆ. ಅದು ಮುಂದಕ್ಕೆ ಬಡಿದರೆ ಗುಂಡು ಹಾರುತ್ತದೆ. ಬಡಿಯಲು ಬಿಡದೆ, ಹೆಬ್ಬೆರಳಿನಿಂದ ತಡೆದು, ಮೆಲ್ಲಗೆ ಅದರ ಜಾಗಕ್ಕೆ ಕೂಡಿಸುವುದನ್ನು ಕಲಿಯಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು. ಗುರಿ ಹೊಡೆಯುವುದು ಅದಕ್ಕಿಂತ ಬೇಗ ಬಂತು. ಈಗ ಸಿಕಂದರಾಬಾದಿನ ಕಚೇರಿಯಲ್ಲಿ ಕುಳಿತಿರುವಾಗ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಏನನ್ನೋ ಹಿಡಿದು ಇಳಿಸುವವರ ಹಾಗೆ. ಪಕ್ಕದವರು ಕೈ ನೋಯುತ್ತಿದೆಯೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರ ಮಗಳು ನಾನು. ಸನತ್‌ನಗರದ ಕಾರ್ಖಾನೆಗಳ ಹಿಂದಿನ ಸಾಲುಮನೆಯಲ್ಲಿ ಬೆಳೆದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಯಾರೂ ಅದನ್ನು ತಂದು ನನ್ನ ಕೈಗೆ ಕೊಡಲಿಲ್ಲ. ಬೆಳಿಗ್ಗೆ ಓಣಿಯ ಮಕ್ಕಳಿಗೆ ಪಾಠ, ಆಮೇಲೆ ಕಾಲೇಜು, ಸಂಜೆ ನೀರಿನ ಪಾಳಿ, ಉಳಿದ ಹೊತ್ತು ಓದು. ಇಂಥವಳ ಕೈಗೆ ಪಿಸ್ತೂಲು ಬಂದದ್ದು ಕಬಡ್ಡಿ ತಂಡ ತುಂಬಿಹೋಗಿದ್ದರಿಂದ. ಹೆಸರು ಕೊಡಲು ಹೋದಾಗ ಪಿ.ಟಿ. ಸರ್, ಶೂಟಿಂಗಿಗೆ ಹುಡುಗಿಯರಿಲ್ಲ, ಹೋಗುತ್ತೀಯಾ ಎಂದರು. ಹೋದೆ.

ಊರ ಹೊರಗೆ, ಬಂಡೆಗುಡ್ಡದ ಬುಡದಲ್ಲಿತ್ತು ಆ ಕ್ಲಬ್ಬು. ಗುಂಡು ತಡೆಯಲು ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಹಲಗೆಗಳು, ಈಚೆ ತಗಡಿನ ಮಾಡು. ಕಲಿಸುತ್ತಿದ್ದವರು ಫೌಜಿನಿಂದ ನಿವೃತ್ತರಾದ ಬೀದರ್ ಕಡೆಯ ಹಿರಿಯರು. ಎಲ್ಲರಿಗೂ ಅವರು ಉಸ್ತಾದ್. ಉಳಿದವರೊಂದಿಗೆ ಹಿಂದಿ, ತೆಲುಗು ಮಾತಾಡುತ್ತಿದ್ದವರು ನನ್ನನ್ನು ಕಂಡರೆ ಕನ್ನಡಕ್ಕೆ ಇಳಿಯುತ್ತಿದ್ದರು. ಬೈಯಲು ಅವರಿಗೆ ಅದೇ ಅನುಕೂಲವಾಗಿತ್ತು.

ಹುಡುಗಿಯರಿಗೆಂದು ಇದ್ದದ್ದು ಒಂದೇ ಪಿಸ್ತೂಲು, ಬಹಳ ಹಳೆಯದು. ಅಭ್ಯಾಸ ಮುಗಿದ ಮೇಲೆ ಗುಂಡು ತುಂಬುವ ಮ್ಯಾಗಜೀನು ತೆಗೆದು, ಒಳಗೆ ಕಾಡತೂಸು ಉಳಿದಿಲ್ಲವೆಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಿ, ದಿಬ್ಬದ ಕಡೆಗೇ ಮುಖ ಮಾಡಿ ಹಿಡಿದು ಕುದುರೆ ಇಳಿಸಬೇಕು. ಖಾಲಿ ಇದ್ದಾಗ ಕುದುರೆ ರಪ್ಪನೆ ಬಡಿದರೆ ಒಳಗಿನ ಮೊಳೆ ಹೋಗಿ ಉಕ್ಕಿನ ಅಂಚಿಗೆ ತಾಗಿ ಅಂಚು ಹಾಳಾಗುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರ ಕುದುರೆ ಸಪ್ಪಳ ಮಾಡಿತೋ ಅವರು ಅಂದು ಗುಂಡು ಹಾರಿ ಬಿದ್ದ ಖಾಲಿ ಹಿತ್ತಾಳೆ ಕೊಳವೆಗಳನ್ನೆಲ್ಲ ಬಗ್ಗಿ ಆರಿಸಬೇಕು. ಮೊದಲ ಮಳೆಗಾಲ ಪೂರ್ತಿ ಆರಿಸಿದವಳು ನಾನೇ.

"ರೊಟ್ಟಿ ಬಡದಂಗ ಬಡೀಬ್ಯಾಡ, ತಂಗಿ."

"ನಾ ಎಲ್ಲಿ ಬಡದೇನ್ರಿ? ತಾನ ಬಡೀತು."

"ತಾನ ಬಡೀತಂತ. ಹೆಬ್ಬಟ್ಟು ಯಾರದು, ಮಂದೀದೇನು? ಮೊದಲ ಕುದುರಿ ಹಿಡಿ. ಗಟ್ಟಿ ಹಿಡದೀಯಂತ ಖಾತ್ರಿ ಆದಮ್ಯಾಲೆ ಟ್ರಿಗರ್ ಒತ್ತು. ಕುದುರಿ ಬಿಟ್ಟಕೊಂಡದ್ದು ಗೊತ್ತಾತಿಲ್ಲೋ? ಆಗ ಟ್ರಿಗರ್ ಮ್ಯಾಲಿನ ಬೆರಳು ತಗೀ. ಹೆಬ್ಬಟ್ಟು ಮಾತ್ರ ಕಡೀತನಕ ಬಿಡಬಾರದು. ಮಲಗಿದ ಕೂಸಿನ್ನ ತೊಟ್ಟಿಲದಾಗ ಹಾಕ್ತೀಯಲ್ಲ, ಹಂಗ."

ಒಂದು ದಿನ ಸಪ್ಪಳವಾಗಲಿಲ್ಲ. ಉಸ್ತಾದ್ ಕಿವಿಗೆ ಕೈ ಹಚ್ಚಿ ಕೇಳಿದಂತೆ ನಟಿಸಿ, "ಇಳಿಸಿದಿ ಏನ? ನಾ ಇನ್ನೂ ಕಾಯಾಕತ್ತೀನಿ," ಎಂದರು. ಆಮೇಲೆ ನನ್ನ ಕುದುರೆ ಸಪ್ಪಳ ಮಾಡಿದ್ದು ನನಗೆ ನೆನಪಿಲ್ಲ. ಅಭ್ಯಾಸದ ನಡುವೆ ಖಾಲಿ ಕೊಳವೆ ಹೊರಬೀಳದೆ ಪಿಸ್ತೂಲು ಸಿಕ್ಕಿಹಾಕಿಕೊಂಡರೂ ಅದೇ ಕ್ರಮ: ಮ್ಯಾಗಜೀನು ತೆಗಿ, ಖಾಲಿ ಮಾಡು, ನೋಡು, ಇಳಿಸು, ಆಮೇಲೆ ಬಾಯಿ ತೆಗಿ. ಎರಡು ವರ್ಷ ಹೀಗೆ ಮಾಡಿದ ಕೈಗೆ ತಲೆಯ ಅಪ್ಪಣೆ ಬೇಕಾಗುತ್ತಿರಲಿಲ್ಲ.

ಡಿಗ್ರಿಯ ಕೊನೆಯ ವರ್ಷ ರಾಜ್ಯ ತಂಡದ ಆಯ್ಕೆ ಬಂತು. ನಮ್ಮ ಕ್ಲಬ್ಬಿನಿಂದ ಇಬ್ಬರು: ನಾನು, ಮತ್ತು ಕಾಚಿಗೂಡದಿಂದ ಆ ವರ್ಷ ಬರತೊಡಗಿದ್ದ, ನನ್ನಂತೆಯೇ ಕನ್ನಡದವಳಾದ, ನನಗಿಂತ ಚಿಕ್ಕ ಹುಡುಗಿ. ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರ ಕೈಗೆ ಕ್ಲಬ್ಬಿನ ಪಿಸ್ತೂಲು. ಅಲ್ಲಿಯವರೆಗೆ ಅದು ನನ್ನ ಕೈಯಲ್ಲಿತ್ತು. ಅವಳು ಆಯ್ಕೆಯ ದಿನದ ಮಟ್ಟಿಗೆ ಬೇರೆ ಕ್ಲಬ್ಬಿನಿಂದ ಎರವಲು ತಂದಿದ್ದಳು. ಸ್ವಂತದ್ದು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಎತ್ತುವಂಥದ್ದಲ್ಲ. ಸೋತರೆ ಶೂಟಿಂಗು ಮುಗಿಯಿತು ಎಂದು ನನಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ಉಸ್ತಾದ್ ನನ್ನನ್ನು ಪಕ್ಕಕ್ಕೆ ಕರೆದರು. "ಇವತ್ತ ಪಿಸ್ತೂಲು ಸಿಕ್ಕಂಡ್ರ ಏನೂ ಮುಟ್ಟಬ್ಯಾಡ. ಹಂಗ ದಿಬ್ಬದ ಕಡೆ ಹಿಡದು ಎಡಗೈ ಎತ್ತು. ಸಾಹೇಬ್ರು ಬಂದು ಕಣ್ಣಾರೆ ನೋಡಿದ್ರ ಮತ್ತ ಹೊಡ್ಯಾಕ ಬಿಡ್ತಾರ. ತಿಳೀತಿಲ್ಲೋ?"

"ತಿಳೀತ್ರಿ."

ಕೊನೆಯ ಸುತ್ತಿನ ತನಕ ನಾನೇ ಮುಂದಿದ್ದೆ. ಆ ಸುತ್ತಿನಲ್ಲಿ ಗುರಿಹಲಗೆ ಕ್ಷಣಹೊತ್ತು ನಮ್ಮ ಕಡೆ ತಿರುಗಿ ಮತ್ತೆ ಮರೆಯಾಗುತ್ತದೆ. ತಿರುಗಿದಾಗೊಮ್ಮೆ ಒಂದು ಗುಂಡು, ಒಟ್ಟು ಐದು. ಮೂರು ಹೊಡೆದೆ. ಮೂರನೆಯದರ ಖಾಲಿ ಕೊಳವೆ ಹೊರಗೆ ಬೀಳದೆ ಪಿಸ್ತೂಲಿನ ಮೇಲ್ಗಡೆಯ ಕಿಂಡಿಯಲ್ಲೇ ಅಡ್ಡ ನಿಂತುಕೊಂಡಿತು. ಅದು ಬಿಸಿಲಿಗೆ ಹೊಳೆದದ್ದು ಈಗಲೂ ಕಣ್ಣ ಮುಂದಿದೆ. ಹಲಗೆ ತಿರುಗಿತು, ಅಕ್ಕಪಕ್ಕದವರು ಹೊಡೆದರು. ಅಷ್ಟರಲ್ಲಿ ನನ್ನ ಕೈ ಮ್ಯಾಗಜೀನು ತೆಗೆದಿತ್ತು, ಕೊಳವೆಯನ್ನು ಉದುರಿಸಿತ್ತು, ಒಳಗೆ ನೋಡಿತ್ತು, ಹೆಬ್ಬೆರಳಿನಿಂದ ಕುದುರೆಯನ್ನು ಹಿಡಿದು ಮೆಲ್ಲಗೆ ಮಲಗಿಸಿಬಿಟ್ಟಿತ್ತು. ಪಿಸ್ತೂಲನ್ನು ಮೇಜಿನ ಮೇಲಿಟ್ಟ ಮೇಲೆ ಎಡಗೈ ಎತ್ತಿದೆ. ಎತ್ತಿದ ಕೈ ಗಾಳಿಯಲ್ಲಿದ್ದಾಗಲೇ ಬೆಳಗಿನ ಮಾತು ನೆನಪಾಯಿತು.

ಉಸ್ತಾದ್ ಹೇಳಿದ್ದ ಸಾಹೇಬರು, ಸ್ಪರ್ಧೆ ನೋಡಿಕೊಳ್ಳುತ್ತಿದ್ದ ಅಧಿಕಾರಿ, ಬಂದರು. "ಏಮೈಂದಮ್ಮಾ?" ಏನಾಯಿತೆಂದು ತೆಲುಗಿನಲ್ಲಿ ಕೇಳಿದರು.

"ಜಾಮ್ ಅಯಿಂದಿ ಸರ್."

ಅವರು ಪಿಸ್ತೂಲು ನೋಡಿದರು. ಅದು ಖಾಲಿಯಾಗಿ, ಅಚ್ಚುಕಟ್ಟಾಗಿ, ಏನೂ ಆಗಿಲ್ಲವೆಂಬಂತೆ ಮಲಗಿತ್ತು. ಜಾಮ್ ಎಲ್ಲಿದೆ ಎಂದು ಮತ್ತೆ ಕೇಳಿದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಪಾಪ, ಅವರ ದನಿಯಲ್ಲಿ ಗಡಸು ಇರಲಿಲ್ಲ. ನಿಯಮ ನಿಯಮವೇ. ಉಳಿದ ಎರಡು ಗುಂಡುಗಳಿಗೆ ಸೊನ್ನೆ ಬಿತ್ತು. ಕಾಚಿಗೂಡದ ಹುಡುಗಿ ಮುಂದೆ ಹೋದಳು.

ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲ ನೋಡಿದ್ದ ಉಸ್ತಾದರ ಪಕ್ಕ ಹೋಗಿ ಕುಳಿತೆ.

"ಮುಂಜಾನಿ ಹೇಳಿದ್ದು ಎಲ್ಲಿ ಹೋತು, ಉಪ್ಪಿಟ್ಟಿನ ಜೋಡಿ ಹೊಟ್ಟಿಗಿ ಹೋತೇನು?"

ಅವರು ಕೈಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಕುಳಿತರು.

"ಕಲಿಸಿದಂವ ನಾನ," ಎಂದರು ಕೊನೆಗೆ. "ಯಾರಿಗಿ ಬೈಲಿ?"

ಮನೆಗೆ ಬಂದಾಗ ಅಪ್ಪ ಕಾಲು ತೊಳೆದುಕೊಳ್ಳುತ್ತಿದ್ದರು. ಎರಡು ವರ್ಷ ಅವರು ನನಗೆ ಬೇಡ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ.

"ಗೆದ್ದಿ ಏನ?"

"ಇಲ್ಲಪ್ಪಾ."

"ಯಾರಿಗ್ಯಾರ ಗುಂಡು ಬಡೀತೇನ?"

"ಇಲ್ಲ."

"ಹಂಗಾರ ಉಣ್ಣು ನಡಿ."

ಮುಂದಿನ ಭಾನುವಾರ ನಾನು ಕ್ಲಬ್ಬಿಗೆ ಹೋಗದೆ ಇರಬಹುದಾಗಿತ್ತು. ಹೋದೆ. ಪಿಸ್ತೂಲನ್ನು ಬೇರೆಯವರು ಎತ್ತಿ ಕಾಚಿಗೂಡದ ಹುಡುಗಿಗೆ ಕೊಡುವುದು ನನಗೆ ಬೇಕಿರಲಿಲ್ಲ. ಅವಳು ನನ್ನನ್ನು ಕಂಡು ಎದ್ದು ನಿಂತಳು.

"ಅಕ್ಕಾರ, ನಿಮಗ ಬ್ಯಾಸರ ಆಗೇದೇನ್ರಿ?"

"ಆಗೇದ," ಎಂದೆ. "ಅದಕ್ಕ ನೀ ಏನೂ ಮಾಡಾಕ ಬರೂದಿಲ್ಲ. ಕೈ ತೋರ್ಸು."

ಅವಳ ಅಂಗೈ ಚಿಕ್ಕದು. ಪಿಸ್ತೂಲಿನ ಮರದ ಹಿಡಿಯನ್ನು ಹಿಂದೆ ಉಸ್ತಾದ್ ನನ್ನ ಕೈಯ ಅಳತೆಗೆ ಅರದಿಂದ ಉಜ್ಜಿ ಮಾಡಿಕೊಟ್ಟಿದ್ದರು. ಹೆಬ್ಬೆರಳಿನ ಬುಡಕ್ಕೆ ಒಂದು ತಗ್ಗು, ನಡುಬೆರಳಿಗೆ ಒಂದು ಗೀರು. ಅವಳು ಹಿಡಿದರೆ ಆ ತಗ್ಗುಗಳಲ್ಲಿ ಸಂದು ಉಳಿಯುತ್ತಿತ್ತು. ಉಸ್ತಾದ್ ಮರದ ಹುಡಿ ಮತ್ತು ಅಂಟು ಕಲಸಿ ತಗ್ಗಿಗೆ ತುಂಬಿದರು. ಪಿಸ್ತೂಲಿನಿಂದ ಬಿಡಿಸಿದ ಹಿಡಿಯನ್ನು ನಾನು ಅಲುಗದಂತೆ ಹಿಡಿದುಕೊಂಡೆ. ಅವರು ನನ್ನ ಮುಖ ನೋಡಲಿಲ್ಲ. ಕೆಲಸ ಮಾತ್ರ ಎಂದಿಗಿಂತ ನಿಧಾನವಾಗಿ ಮಾಡಿದರು. ಅಂಟು ಹಸಿಯಿರುವಾಗ ಅವಳ ಕೈಯನ್ನು ಅದರ ಮೇಲಿಟ್ಟು ಒತ್ತಿ ಅಚ್ಚು ಮೂಡಿಸಿದರು.

ಆ ವರ್ಷವೇ ಡಿಗ್ರಿ ಮುಗಿಸಿದೆ, ಕೆಲಸ ಹಿಡಿದೆ. ಅದರ ಹೆಮ್ಮೆ ನನಗೆ ಪೂರ್ತಿ ಇದೆ, ಒಂದಿಷ್ಟೂ ಕಡಿಮೆಯಿಲ್ಲ. ರಾಜ್ಯ ತಂಡ ತಪ್ಪಿದ ಹಳಹಳಿ ಇರಬೇಕು ಎಂದು ಮಂದಿ ತಿಳಿಯುತ್ತಾರೆ. ಅದಲ್ಲ. ತಗಡಿನ ಮಾಡಿನ ಕೆಳಗೆ, ಎಲ್ಲರೂ ಹೊಡೆದು ಮುಗಿಸಿದ ಮೇಲಿನ ಆ ನಿಶ್ಶಬ್ದದಲ್ಲಿ, ಖಾಲಿ ಪಿಸ್ತೂಲು ಹಿಡಿದು ನಿಲ್ಲಬೇಕೆನಿಸುತ್ತದೆ. ಬೇರೆ ಯಾವ ಪಿಸ್ತೂಲೂ ಅಲ್ಲ, ಅದೇ.

ಆ ಭಾನುವಾರ ಅಂಟು ಒಣಗಿದ ಮೇಲೆ ಉಸ್ತಾದ್ ಹಿಡಿಯನ್ನು ಮತ್ತೆ ಜೋಡಿಸಿ, ಮೊದಲು ನನ್ನ ಕೈಗೇ ಕೊಟ್ಟರು. ಹಿಡಿದೆ. ಹೆಬ್ಬೆರಳಿನ ಬುಡ ಎಲ್ಲೂ ಕೂಡಲಿಲ್ಲ. ಇನ್ನೊಮ್ಮೆ ಹಿಡಿದು ನೋಡಿದೆ. ಆಮೇಲೆ ಅವಳಿಗೆ ಕೊಟ್ಟೆ.