ಬ್ರೇಕಿಗೆ ತೆಂಗಿನೆಣ್ಣೆ

ಆಗ ನನಗೆ ಅರವತ್ತೊಂಬತ್ತು. ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನಾನು ಒಡಹುಟ್ಟಿದ ತಮ್ಮನನ್ನು ಕೊಂದೇಬಿಡುತ್ತಿದ್ದೆ. ಬೇಕಂತ ಅಲ್ಲ. ತೆಂಗಿನೆಣ್ಣೆ ಹಚ್ಚಿ.

ತಮ್ಮನ ಹೆಸರು ಗಣಪ. ಹೊನ್ನಾವರದ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಕರ್ಕಿಯ ನನ್ನ ಮನೆಯಲ್ಲೇ ಉಳಿದಿದ್ದಾನೆ. ಬಂದ ಜನಕ್ಕೆ ಅಪ್ಸರಕೊಂಡ ತೋರಿಸುತ್ತಾನೆ, ಯಾಣ ತೋರಿಸುತ್ತಾನೆ. (ಎರಡನ್ನೂ ಅವನು ಸರಿಯಾಗಿ ನೋಡಿಲ್ಲ. ಗಾಡಿಯಲ್ಲೇ ನಿದ್ದೆ ಹೊಡೆಯುತ್ತಾನೆ.)

ಒಂದು ದಿನ ಐದು ಜನರನ್ನು ತುಂಬಿಕೊಂಡು ಯಾಣದಿಂದ ಇಳಿಯುವಾಗ ಬ್ರೇಕು ಕಾದು ಪೆಡಲ್ ಮೆತ್ತಗಾಯಿತಂತೆ. ಕೆಳಗಿನ ಕತಗಾಲ ಮುಟ್ಟುವಷ್ಟರಲ್ಲಿ ಇವನ ಅಂಗಿ ಪೂರ್ತಿ ಒದ್ದೆ.

ಮಾರನೇ ದಿನವೇ ಭಟ್ಕಳಕ್ಕೆ ಹೋದ. ಅಲ್ಲಿ ಇಸ್ಮಾಯಿಲ್ ಸಾಯ್ಬರ ಗ್ಯಾರೇಜು. ಇಪ್ಪತ್ತು ವರ್ಷದಿಂದ ಗಣಪನ ಗಾಡಿ ಮುಟ್ಟುವುದು ಅವರೊಬ್ಬರೇ. ನೋಡಿ ಹೇಳಿದರಂತೆ, "ಈ ಭಾರಕ್ಕೆ ಈ ಬ್ರೇಕು ಸಾಲೂದಿಲ್ಲ. ಇದೇ ಕಂಪನಿಯ ಹೊಸ ಮಾಡಲ್ಲಿಗೆ ದೊಡ್ಡ ಡಿಸ್ಕ್ ಬರ್ತದೆ. ಮುಂದಿನ ಎರಡಕ್ಕೂ ಅದನ್ನೇ ಹಾಕುವಾ."

ಹಾಕಿದರು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದಿದ್ದ ಹೊಸ ಮಾಡಲ್ ಗಾಡಿಯಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ ಬಿಚ್ಚಿ ತಂದರು. ಡಿಸ್ಕು, ಪ್ಯಾಡು ಮಾತ್ರ ಹೊಚ್ಚ ಹೊಸದು. ಡಿಸ್ಕ್ ದೊಡ್ಡದಾದರೆ ಹಳೇ ಚಕ್ರ ಕೂರುವುದಿಲ್ಲ ಅಂತ ಸ್ಟೆಪ್ನಿ ಸಮೇತ ಐದೂ ಚಕ್ರ ಬದಲಾಯಿಸಿದರು. ಅಂಥ ಮನುಷ್ಯ.

ಸಂಜೆ ಗಾಡಿ ಅಂಗಳಕ್ಕೆ ಬಂತು. ಗಣಪನಿಗೆ ಮದುವೆ ಗಂಡಿನ ಕಳೆ.

"ನೋಡಕ್ಕ, ಈ ಡಿಸ್ಕು ಎರಡು ತಟ್ಟೆ ಜೋಡಿಸಿದಂಗೆ ಇದ್ದು ನಡುವೆ ಗಾಳಿ ಆಡ್ತದೆ. ಎಷ್ಟು ತುಳಿದ್ರೂ ಬೇಗ ಕಾಯೂದಿಲ್ಲ."

"ನಿಲ್ತದಾ ಇಲ್ವಾ, ಅಷ್ಟು ಹೇಳು."

"ಇದ್ದಲ್ಲೇ ನಿಲ್ತದೆ."

ಆತು ಎಂದೆ. ಅವನು ಗಾಡಿಗೆ ನಾಲ್ಕು ಕೊಡ ನೀರು ಹೊಯ್ದು ತೊಳೆದು, ಉಂಡು ಮಲಗಿದ.

ಬೆಳಿಗ್ಗೆ ಅಂಗಳ ಗುಡಿಸಲು ಹೋದೆ. ಹೊಸ ಚಕ್ರದ ಕಂಡಿ ದೊಡ್ಡದು, ಒಳಗಿನದೆಲ್ಲ ಕಾಣುತ್ತದೆ. ನೋಡಿದರೆ ಡಿಸ್ಕಿನ ಮೇಲೆ ಕೆಂಪು! ಒಂದೇ ರಾತ್ರಿಗೆ ತುಕ್ಕು!

ನಮ್ಮದು ಸಮುದ್ರದ ಬದಿ. ಉಪ್ಪುಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ನನ್ನ ಮೆಟ್ಟುಗತ್ತಿ (ಕೆಲವರು ಈಳಿಗೆ ಅನ್ನುತ್ತಾರೆ) ನನ್ನ ಅತ್ತೆ ಕಾಲದ್ದು. ಇವತ್ತಿಗೂ ಹೊಳೆಯುತ್ತದೆ. ಯಾಕೆ? ತೊಳೆದ ಕೂಡಲೇ ಒರೆಸಿ ತೆಂಗಿನೆಣ್ಣೆ ಹಚ್ಚುತ್ತೇನೆ. ಕತ್ತಿಗೆ, ಹಾರೆಗೆ, ಬಾಗಿಲ ಚಿಲಕಕ್ಕೆ, ಎಲ್ಲಕ್ಕೂ ಅದೇ ಮದ್ದು. ಐವತ್ತು ವರ್ಷ ಫೇಲಾಗದ ಮದ್ದು.

ಬಟ್ಟೆಗೆ ಎಣ್ಣೆ ಅದ್ದಿಕೊಂಡು ಬಂದೆ. ಕಂಡಿಯಲ್ಲಿ ಕೈ ತೂರಿಸಿ ಎರಡೂ ಕಡೆ ಚಂದ ಮಾಡಿ ಹಚ್ಚಿದೆ. ಕೆಂಪು ಹೋಯಿತು. ಡಿಸ್ಕು ಕನ್ನಡಿಯ ಹಾಗಾಯಿತು. ತಮ್ಮನಿಗೆ ಹೇಳಲಿಲ್ಲ. ಮಾಡಿದ್ದನ್ನೆಲ್ಲ ಸಾರುವ ಅಭ್ಯಾಸ ನನಗಿಲ್ಲ.

ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಪೆಡಲ್ ತುಳಿದರೆ ಎರಡು ಬದಿಯಿಂದ ಪ್ಯಾಡು ಬಂದು ಅದನ್ನು ಅಮುಕಿ ಹಿಡಿಯಬೇಕು. ಎಣ್ಣೆ ಇದ್ದರೆ ಎಂತದು ಹಿಡಿಯುತ್ತದೆ? ಈಗ ಗೊತ್ತು. ಆಗ ಯಾರು ಹೇಳಿದ್ದರು?

ನಮ್ಮ ಓಣಿ ಇಳಿಜಾರು. ಕೊನೆಗೆ ಹೈವೇ. ಎಂಟು ಗಂಟೆಗೆ ಗಣಪ ಹೊರಟ. ಓಣಿಯ ತುದಿಯಲ್ಲಿ ಗಾಡಿ ನಿಲ್ಲಲಿಲ್ಲ. ಸೀದಾ ಹೈವೇಗೆ ಹೋಯಿತು. ಮೀನು ಲಾರಿಯೊಂದು ಹಾರ್ನ್ ಹೊಡೆಯುತ್ತ ಮೊಳದಂತರದಲ್ಲಿ ದಾಟಿತು. ಇವನು ಹ್ಯಾಂಡ್‌ಬ್ರೇಕ್ ಜಗ್ಗಿದ. ಕಾರು ಆಚೆ ಬದಿಯ ಗಟಾರದ ಅಂಚಿಗೆ ಹೋಗಿ ನಿಂತಿತು.

ಓಡಿ ಹೋಗಿ ನೋಡಿದೆ. ಕೈಕಾಲು ಎಲ್ಲ ಇದ್ದ ಜಾಗದಲ್ಲಿದ್ದವು. ನಾಲಿಗೆಯೂ. ಆಗಲೇ ಫೋನು ಹಚ್ಚಿದ್ದ.

"ಸಾಯ್ಬ್ರೇ, ನಿಮಗೆ ನನ್ನ ಮೇಲೆ ಎಂತ ಸಿಟ್ಟು? ಗುಜರಿ ಮಾಲು ಹಾಕಿ ನನ್ನ ತೆಗೀಬೇಕು ಮಾಡಿದ್ರಾ?"

ಸಾಯ್ಬರು ವಾದ ಮಾಡಲಿಲ್ಲ. ಗಾಡಿ ಮುಟ್ಟಬೇಡಿ, ಬಂದೆ ಎಂದರು. ಮಧ್ಯಾಹ್ನದೊಳಗೆ ಭಟ್ಕಳದಿಂದ ಸ್ಕೂಟರಿನಲ್ಲಿ ಬಂದರು. ಅಷ್ಟರಲ್ಲಿ ಸ್ಟ್ಯಾಂಡಿನ ನಾಲ್ಕು ಜನ ಬಂದು ಸೇರಿದ್ದರು. ಸಾಯ್ಬರು ಚಕ್ರ ಬಿಚ್ಚಿದರು. ಪ್ಯಾಡು ತೆಗೆದು ಮೂಗಿಗೆ ಹಿಡಿದರು.

"ಇದರಲ್ಲಿ ಎಣ್ಣೆ ಇದೆ."

"ನಿಮ್ಮ ಕೈಯ ಗ್ರೀಸು!" ಎಂದ ಗಣಪ. ಅವನದು ನಶ್ಯ ಏರಿಸಿದ ಮೂಗು. ಅದಕ್ಕೆ ಮಲ್ಲಿಗೆಯೂ ಒಂದೇ, ಗೊಬ್ಬರವೂ ಒಂದೇ.

ಸಾಯ್ಬರು ತಲೆಯೆತ್ತಿ ನನ್ನ ಕಡೆ ನೋಡಿದರು. ಮೆಲ್ಲಗೆ ಕೇಳಿದರು.

"ಅಮ್ಮ, ನಿಮ್ಮಲ್ಲಿ ಗಾಣದ ಎಣ್ಣೆಯಾ?"

ನನಗೆ ಆಗ ಹೊಳೆಯಿತು.

"ಗಾಣದ್ದೇ" ಎಂದೆ. ಮತ್ತೆ ಬಾಯಿ ಬಿಡಲಿಲ್ಲ. ಅವರೂ ಬಿಡಲಿಲ್ಲ. ಪೆಟ್ರೋಲಿನಲ್ಲಿ ಡಿಸ್ಕು ಒರೆಸಿ, ಬೇರೆ ಪ್ಯಾಡು ಹಾಕಿ, ಓಣಿಯಲ್ಲಿ ಮೂರು ಸಲ ತಾವೇ ಓಡಿಸಿ ನಿಲ್ಲಿಸಿ ತೋರಿಸಿದರು. ಹೋಗುವಾಗ ಗಣಪನಿಗೆ, "ಬೆಳಿಗ್ಗೆ ತುಕ್ಕು ಕಂಡ್ರೆ ಹೆದರಬೇಡಿ. ಎರಡು ಸಲ ಬ್ರೇಕ್ ತುಳಿದ್ರೆ ತಾನೇ ಹೋಗ್ತದೆ" ಎಂದರು. ಹೇಳಿದ್ದು ಅವನಿಗೆ. ಕೇಳಿಸಬೇಕಾದದ್ದು ನನಗೆ.

ಅವರು ಯಾಕೆ ಬಾಯಿ ಬಿಡಲಿಲ್ಲ? ಮುದುಕಿಯ ಮರ್ಯಾದೆ ಉಳಿಸಲಿಕ್ಕಾ? ನನಗೆ ಹಾಗೆ ಕಾಣುವುದಿಲ್ಲ. ಹೇಳಿದ್ದರೆ ಅಲ್ಲಿ ನಂಬುವವರು ಯಾರಿದ್ದರು?

ನಾನು ಯಾಕೆ ಬಿಡಲಿಲ್ಲ? ನಾಚಿಕೆ. ಬೇರೆ ಕಾರಣ ಹುಡುಕುವುದು ಬೇಡ.

ನಾಲ್ಕು ದಿನ ಕಳೆಯಿತು. ಸ್ಟ್ಯಾಂಡಿನಲ್ಲಿ ಕತೆ ಬೆಳೆಯಿತು. ಮೊದಲ ದಿನ "ಇಸ್ಮಾಯಿಲರ ಕೈ ತಪ್ಪಿತು" ಅಂತಿದ್ದದ್ದು ನಾಲ್ಕನೇ ದಿನ "ಆ ಜನಾನೇ ಹಾಗೆ" ಅಂತಾಯಿತು. ಬ್ರೇಕಿನ ಮಾತು ಜಾತಿಯ ಮಾತಾಗಲು ಎಷ್ಟು ಹೊತ್ತು ಬೇಕು? ಎರಡು ಲೋಟ ಚಾ ಕುಡಿಯುವಷ್ಟು. ಅವತ್ತು ಬಂದಿದ್ದ ನಾಲ್ವರಲ್ಲಿ ಮಂಜುನಾಥ ಎಂಬವನು ತನ್ನ ಕಾರಿಗೂ ಇದೇ ಬ್ರೇಕು ಹಾಕಿಸಲು ಹೇಳಿದ್ದನಂತೆ. ಬೇಡ ಎಂದು ಫೋನು ಮಾಡಿದ. ಉಳಿದ ಮೂವರು ಕುಮಟಾದಲ್ಲಿ ಬೇರೆ ಗ್ಯಾರೇಜು ನೋಡಿಕೊಂಡರು. ಇದನ್ನೆಲ್ಲ ಗಣಪ ಸಂಜೆ ಚಾ ಕುಡಿಯುತ್ತ ಖುಷಿಯಲ್ಲಿ ಹೇಳಿದ.

ಇಪ್ಪತ್ತು ವರ್ಷದ ಹೆಸರು. ನನ್ನ ಒಂದು ಚಮಚ ಎಣ್ಣೆ.

"ಹಚ್ಚಿದ್ದು ನಾನು" ಎಂದೆ.

"ಎಂತದು?"

"ತೆಂಗಿನೆಣ್ಣೆ. ಡಿಸ್ಕಿಗೆ. ತುಕ್ಕು ಹಿಡೀತದೆ ಅಂತ."

ಅವನು ಲೋಟ ಕೆಳಗಿಟ್ಟ.

"ಆತು ಅಕ್ಕ, ಬಿಡು. ಗಾಡಿ ಸರಿ ಆತಲ್ಲ. ಯಾರ ಹತ್ರಾನೂ ಹೇಳೂಕೆ ಹೋಗ್ಬೇಡ. ಅಷ್ಟು ಜನರೆದುರು ಬೈದಿದ್ದೇನೆ. ಸ್ಟ್ಯಾಂಡಿನಲ್ಲಿ ನನ್ನ ಮರ್ಯಾದೆ ಎಂತ ಆಗ್ಬೇಕು?"

"ಅವತ್ತು ನೀನೇ ಮೀನು ಲಾರಿ ಅಡಿಗೆ ಹೋಗ್ತಿದ್ದೆ ಮಾರಾಯ. ನೀನಿಲ್ಲದೆ ನಿನ್ನ ಮರ್ಯಾದೆ ಇಟ್ಟುಕೊಂಡು ನಾನು ಎಂತ ಮಾಡಲಿ?"

ನೋಡಿ, ಅವನು ಕೆಟ್ಟವನಲ್ಲ. ನಾವೆಲ್ಲ ಹಾಗೆಯೇ. ತಪ್ಪು ಮನೆಯೊಳಗಿನದಾದರೆ ಮುಚ್ಚುತ್ತೇವೆ, ಹೊರಗಿನವರದ್ದಾದರೆ ಊರೆಲ್ಲ ಹಂಚುತ್ತೇವೆ. ನಾಲ್ಕು ದಿನ ನಾನೂ ಅದನ್ನೇ ಮಾಡಿದ್ದೆನಲ್ಲ?

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊನ್ನಾವರಕ್ಕೆ ಹೋದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಇದ್ದರು. ನಡುವೆ ನಿಂತು, ಎಣ್ಣೆ ಹಚ್ಚಿದವಳು ನಾನು, ಸಾಯ್ಬರ ಕೆಲಸದಲ್ಲಿ ಕೂದಲೆಳೆಯ ತಪ್ಪಿರಲಿಲ್ಲ ಎಂದೆ. ಎರಡು ಸಲ ಹೇಳಿದೆ. ಒಬ್ಬ ನಕ್ಕ. "ಬರೀ ಎಣ್ಣೆಯಾ ಅಜ್ಜಿ? ಒಗ್ಗರಣೆ ಹಾಕ್ಲಿಲ್ವಾ?" ನಗಲಿ ಎಂದು ಬಿಟ್ಟೆ. ಮಂಜುನಾಥನ ಕಾರಿನ ಮುಂದಿನ ಬಾಗಿಲು ತೆಗೆದು ಹತ್ತಿ ಕೂತೆ.

"ಎಲ್ಲಿಗೆ ಅಜ್ಜಿ?" ಎಂದ.

"ಭಟ್ಕಳಕ್ಕೆ. ನಿನ್ನ ಬ್ರೇಕು ಹಾಕಿಸಲಿಕ್ಕೆ" ಎಂದು ಬೆಲ್ಟು ಎಳೆದು ಕಟ್ಟಿಕೊಂಡೆ.