ಮೆಲುಕು ನಿಂತ ಮಧ್ಯಾಹ್ನ

ಮರಾಠಿ ಸೀಮೆಯ ಕೊಂಢವಾ ಬಡಾವಣೆಯಲ್ಲಿ ನಮ್ಮ ಮನೆಯ ಕಿಟಕಿಯ ಕೆಳಗೆ ಈಗ ಸ್ಕೂಟರುಗಳು ನಿಲ್ಲುತ್ತವೆ. ಆದರೂ ಊಟ ಮುಗಿಸಿ ಅಡ್ಡಾದರೆ ಸಾಕು, ಅಲ್ಲಿಂದ ಆಕಳು ಮೆಲುಕು ಹಾಕುವ ಸದ್ದು ಕೇಳಿಸುತ್ತದೆ. ಎದ್ದು ಇಣುಕುತ್ತೇನೆ. ಏನೂ ಇರುವುದಿಲ್ಲ. ನಮ್ಮ ಮನೆಯವರಿಗೆ ಕೇಳಿಸುವುದಿಲ್ಲವಂತೆ. ಅವರ ಕೈಯಿಂದ ಯಾವ ತಪ್ಪೂ ಆಗಿಲ್ಲವಲ್ಲ.

ಯಾದಗಿರಿ ಕಡೆಯ ಮುದುಕಿಯೊಬ್ಬಳು ಅಲ್ಲಿ ಆಕಳು ಕಟ್ಟಿಕೊಂಡು ಕೂರುತ್ತಿದ್ದಳು. ಹೋಗಿಬರುವವರು ಅವಳಿಂದಲೇ ಹುಲ್ಲಿನ ಕಟ್ಟು ಕೊಂಡು, ಅದಕ್ಕೆ ತಿನ್ನಿಸಿ, ಕೈಮುಗಿದು ಹೋಗುತ್ತಿದ್ದರು. ಅವಳ ಹೊಟ್ಟೆಪಾಡೇ ಆ ಆಕಳು. ಅದು ದಿನವಿಡೀ ಅಗಿಯುತ್ತಿತ್ತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಬರೀ ಹುಲ್ಲು ತಿನ್ನುವುದೂ ಒಂದು ಬದುಕೇ ಎಂದು ನನಗೆ ಕನಿಕರ. ತಿನ್ನಿಸುವುದರಲ್ಲಿ ನನ್ನದು ಎತ್ತಿದ ಕೈ.

ತೀರಿಕೊಂಡ ಅತ್ತೆಗೆ ಎಡೆ ಇಡುವ ಪಕ್ಷದ ದಿನ ಮಳೆಗೆ ಅರ್ಧ ಜನ ಬರಲಿಲ್ಲ. ಹೋಳಿಗೆಯ ಹೂರಣ, ಅನ್ನ ಹಾಗೇ ಉಳಿದವು. ಮುದುಕಿ ಚಹಾಕ್ಕೆ ಹೋದಾಗ ಎಲ್ಲವನ್ನೂ ಬಕೆಟ್ಟಿನಲ್ಲಿ ಕಲಸಿ ಆಕಳ ಮುಂದಿಟ್ಟೆ. ಅದು ಅಗಿಯಲೇ ಇಲ್ಲ, ಗಬಗಬ ನುಂಗಿತು. ಅತ್ತೆಯೇ ಬಂದು ಉಂಡಂತಾಯಿತು ಎಂದು ಬೀಗಿದೆ.

ಮರುದಿನ ಆಕಳ ಹೊಟ್ಟೆ ಉಬ್ಬಿತ್ತು. ದವಡೆ ನಿಂತಿತ್ತು, ಬಾಯಿ ಒಣಗಿತ್ತು. ದನದ ಡಾಕ್ಟರು ಬಂದರು. ಅವರದು ಮರಾಠಿ, ಊರು ಬಿಟ್ಟು ವರ್ಷ ತುಂಬದ ಮುದುಕಿಯದು ಬರೀ ಕನ್ನಡ. ನಡುವೆ ನಾನು. ಹುಲ್ಲು ಅಗಿದಾಗ ಬಕೆಟ್ಟುಗಟ್ಟಲೆ ಜೊಲ್ಲು ಊರಿ ಹೊಟ್ಟೆಯ ಹುಳಿಯನ್ನು ಮುರಿಯುತ್ತದೆ, ಮೆತ್ತನೆಯ ಅನ್ನ, ಸಿಹಿ ನುಂಗಿದರೆ ಜೊಲ್ಲೂ ಇಲ್ಲ, ಹುಳಿ ಏರಿ ಜೀವಕ್ಕೇ ಕುತ್ತು ಬರುತ್ತದೆ ಎಂದರು. ಹಾಗೇನಾದರೂ ತಿಂದಿದ್ದರೆ ಈಗಲೇ ಹೊಟ್ಟೆ ತೊಳೆಯಬೇಕು, ಅವಳನ್ನು ಕೇಳಿ ಹೇಳಿ ಎಂದರು.

ಮುದುಕಿ ನನ್ನ ಮುಖ ನೋಡಿದಳು. "ಏನ್ ತಿಂದದ ಅಂತ ಕೇಳ್ಲಿಕತ್ತಾರ" ಎಂದೆ, ಅಷ್ಟೇ.

"ಹುಲ್ಲು ಬಿಟ್ರ ಏನೂ ಇಲ್ರಿ ಅಕ್ಕಾರ."

ಅದನ್ನೇ ಮರಾಠಿಯಲ್ಲಿ ಒಪ್ಪಿಸಿದೆ. ಸುತ್ತ ನಾಲ್ಕು ಜನ ನೆರೆಯವರು ನಿಂತಿದ್ದರು. ನನಗೆ ನನ್ನ ಮಾನದ ಚಿಂತೆ. ಡಾಕ್ಟರು ನಂಬದೆ ಇನ್ನೊಮ್ಮೆ ಕೇಳಿದರು. ಹುಲ್ಲೇ ಎಂದೆ. ಒಂದು ಸೂಜಿ ಚುಚ್ಚಿ, ಸಂಜೆಗೆ ನೋಡೋಣ ಎಂದು ಹೋದರು.

ಸಂಜೆಯೊಳಗೆ ಆಕಳು ಸತ್ತಿತು. ನಿಜ ಹೇಳಿಬಿಡಬೇಕೆಂದೇ ಕೆಳಗಿಳಿದೆ. ಬಾಯಿ ತೆರೆಯುವ ಮೊದಲೇ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವಿದ್ರಿ ಅಂತ ಡಾಕ್ಟರಿಗಿ ಎಲ್ಲಾ ತಿಳಿಸಿ ಹೇಳ್ಲಿಕ್ಕ ಆಯ್ತ್ರಿ ಅಕ್ಕಾರ. ಇಲ್ಲಾಂದ್ರ ನನ್ನ ಮಾತು ಯಾರಿಗಿ ತಿಳೀತಿತ್ತು."

ನಾನು ಹೂಂ ಎಂದೆ.