ಅವ್ವನ ಹೆಬ್ಬೆರಳಿನ ಮಸುಕು

ನಮ್ಮ ಮನೆಯ ಹೊಸ್ತಿಲ ಬಳಿ ಕೊಬ್ಬರಿ ಎಣ್ಣೆಯ ಬಾಟಲಿಯೊಂದು ಸದಾ ನಿಂತಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ, ಅಂದರೆ ತೊಟ್ಟು ಮುರಿಯುವ ಹೆಂಗಸರಿರುವ ಮನೆಗಳಲ್ಲಿ ಇದೇನೂ ಹೊಸದಲ್ಲ. ಕೈಗೆ ಹತ್ತಿದ ಖಾರ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಮಾತ್ರ ತುಸು ಸೋಲುತ್ತದೆ. ಸಂಜೆ ಕೆಲಸದಿಂದ ಬಂದ ಅವ್ವ ಎಣ್ಣೆ ಸವರಿಕೊಳ್ಳದೆ ಒಳಗೆ ಏನನ್ನೂ ಮುಟ್ಟುವುದಿಲ್ಲ. ರಾಣೆಬೆನ್ನೂರಿನಿಂದ ಯಾರಾದರೂ ಬರುವರೆಂದರೆ ನಾನು ಆ ಬಾಟಲಿಯನ್ನು ಬಾಗಿಲ ಹಿಂದೆ ಸರಿಸಿಡುತ್ತಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಲ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು ನಾನು. ಅವ್ವ ಮನೆಯಲ್ಲೇ ಇರುತ್ತಾಳೆಂದು ಅಂಗಡಿಯವರಿಗೆಲ್ಲ ಹೇಳಿದ್ದೆ. ಸುಳ್ಳಿಗೆ ಓದು ಬೇಕಿಲ್ಲ ನೋಡಿ.

ಕಾಲೇಜು ಓದುವ ತಂಗಿ ರೇಣುಕಾ, ತಮ್ಮ ಓಣಿಗಳ ಬದುಕನ್ನು ತಾವೇ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರ ಗುಂಪಿಗೆ ಸೇರಿದ್ದಳು. ಒಂದೇ ಕ್ಯಾಮೆರಾ, ಕೈಯಿಂದ ಕೈಗೆ. ಅವರದೊಂದು ಕಟ್ಟಳೆ: ಚಿತ್ರದಲ್ಲಿರುವವರು ಬೇಡವೆಂದರೆ ಆ ಭಾಗವನ್ನು ಪೂರ್ತಿ ಅಳಿಸಬೇಕು, ಒಮ್ಮೆ ಒಲ್ಲೆ ಎಂದವರನ್ನು ಮತ್ತೆ ಕೆದಕಬಾರದು.

ರೇಣುಕಾ ತೆಗೆದ ಚಿತ್ರದಲ್ಲಿ ಓಣಿಯ ಹಲವರ ನಡುವೆ ಅವ್ವ ತುಂಬು ಬಿಡಿಸುತ್ತ, ಕಣ್ಣೆತ್ತದೆ ಹೇಳಿದ್ದಳು: "ಬಣ್ಣ ಊರೂರಿಗೆ ಹೋಗತೈತಿ, ಖಾರ ನಮ್ಮ ಕೈಯಾಗ ಉಳಿತೈತಿ." ಚಿತ್ರವನ್ನು ಹಾವೇರಿಯಲ್ಲೂ ಆಮೇಲೆ ರಾಣೆಬೆನ್ನೂರಿನಲ್ಲೂ ತೋರಿಸುತ್ತಾರೆಂದು ಕೇಳಿ, ಅಂಗಡಿಯವರು ನೋಡಿಬಿಡುತ್ತಾರೆಂದು ಅಂಜಿದೆ.

"ಅವ್ವ ಒಲ್ಲೆ ಅಂದಾಳ, ಅಕೀದು ತಗದ ಹಾಕು" ಎಂದೆ.

"ಖರೇನ ಅಣ್ಣಾ? ನನ್ನ ಮುಂದ ಹೇಳಲಿಲ್ಲ?"

"ನಿನ್ನ ಮನಸ್ಸು ನೋಯಸಬಾರ್ದಂತ ಸುಮ್ಮನದಾಳ."

ಪಾಪ, ನಂಬಿದಳು. ಕಟ್ಟಳೆಯಂತೆ ಅವ್ವನನ್ನು ಕೆದಕದೆ ಅಳಿಸಿದಳು.

ಹಾವೇರಿಯ ಪ್ರದರ್ಶನಕ್ಕೆ ಅವ್ವ ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟು, ಪಕ್ಕದ ಮನೆಯ ಗಂಗವ್ವನನ್ನೂ ಕರೆದುಕೊಂಡು ಬಂದಳು. ಚಿತ್ರ ಮುಗಿದು ದೀಪ ಹತ್ತಿದರೂ ಪರದೆಯನ್ನೇ ನೋಡುತ್ತ ಕುಳಿತಿದ್ದಳು.

"ಏನವಾ, ಹೀರೋಯಿನ್ ಎಲ್ಲಿ ಹೋದ್ಲು? ಸೀರಿ ಉಟ್ಟಿದ್ದು ದಂಡ ಆತಲ್ಲ!" ಎಂದು ಗಂಗವ್ವ ನಕ್ಕಳು.

ಮರಳುವ ರೈಲಿನಲ್ಲಿ ಅವ್ವ ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದಳು: "ನನಗ ಮಾತಾಡಾಕ ಬರಲಿಲ್ಲ ಕಾಣ್ತೈತಿ ತಮ್ಮಾ. ಅದಕ್ಕ ಬಿಟ್ಟಾರ."

ಅವ್ವ ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪನ್ನು ಅವಳು ತನ್ನ ಮೈಮೇಲೆ ಹಾಕಿಕೊಂಡಿದ್ದಳು. ಮರುದಿನ ರೇಣುಕಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕ್ಯಾಮೆರಾ ನನ್ನ ಕೈಯಲ್ಲಿಟ್ಟು, "ನನಗಲ್ಲ, ಅವ್ವಗ ಹೇಳು. ಆಮ್ಯಾಲ ಅಕಿ ಹೂಂ ಅಂದ್ರ ನೀನ ಅಕಿ ಚಿತ್ರ ತಗಿ" ಎಂದಳು.

ಸಂಜೆ ಹೊಸ್ತಿಲಲ್ಲಿ ಎಣ್ಣೆ ಸವರಿಕೊಳ್ಳುತ್ತಿದ್ದ ಅವ್ವ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ನನ್ನ ಕಂಡ್ರ ನಾಚಿಕಿ ಬಂತೇನು?"

"ಹೂಂ ಅವ್ವಾ."

ಬೆರಳು ಬೆರಳನ್ನೂ ತಿಕ್ಕಿಕೊಂಡಳು. "ಹುಚ್ಚಪ್ಪ! ನನ್ನ ಮಾತ ಸುಮಾರು ಅಂತ ನಾ ತಿಳಕೊಂಡಿದ್ನಲ್ಲೋ. ತಾ ಇಲ್ಲೆ ಆ ಕ್ಯಾಮೆರಾನ. ಮದ್ಲ ನಿನ್ನ ಚಿತ್ರ ತಗಿತೇನಿ."

ರೇಣುಕಾ ಗುಂಡಿ ತೋರಿಸಿದಳು. ಅವ್ವ ಹಿಡಿದ ಕ್ಯಾಮೆರಾದ ಎದುರು ನಾನು ಮಾಡಿದ್ದನ್ನು ಹೇಳಿದೆ. ಅಳಿಸಿಹೋಗಿದ್ದ ಅವಳ ಆ ಮಾತನ್ನೂ ಹೇಳಿದೆ. ಎಣ್ಣೆಯ ಹೆಬ್ಬೆರಳು ಗಾಜಿಗೆ ತಾಕಿ, ಚಿತ್ರದಲ್ಲಿ ನನ್ನ ಒಂದು ಕೆನ್ನೆ ಮಸುಕಾಗಿದೆ.

ರಾಣೆಬೆನ್ನೂರಿನ ಪ್ರದರ್ಶನಕ್ಕೆ ಮುಂಚೆ ಗುಂಪಿನ ಮಕ್ಕಳು ಕಟ್ಟಳೆಯಂತೆ ಕೇಳಿದರು: "ಅಣ್ಣಾರ, ನಿಮ್ದು ಇಡೂಣೋ, ತಗಿಯೂಣೋ?" ಒಲ್ಲೆ ಎನ್ನುವ ಹಕ್ಕನ್ನು ನಾನು ಅವ್ವನಿಂದ ಕದ್ದಿದ್ದೆ, ಅದೇ ಹಕ್ಕನ್ನು ಆ ಮಕ್ಕಳು ನನ್ನೆದುರು ಇಟ್ಟು, ಅವಸರಿಸದೆ ಕಾದರು. ಅವರ ಉಪಕಾರವನ್ನು ನಾನು ಮರೆಯಲಾರೆ. ಅಂಗಡಿಯವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು.

"ಇಡ್ರಿ" ಎಂದೆ. "ಮಸುಕೂ ಇರ್ಲಿ."

ಮೊನ್ನೆ ಅಂಗಡಿಯ ಗೆಳೆಯನೊಬ್ಬ ಮನೆಗೆ ಬಂದಾಗ ಅವನ ಕಾಲು ತಾಗಿ ಬಾಟಲಿ ಉರುಳಿತು. ಎತ್ತಿ, ಮುಚ್ಚಳ ಬಿಗಿ ಮಾಡಿ, ಅದರ ಜಾಗದಲ್ಲೇ ನಿಲ್ಲಿಸಿದೆ. ಅವ್ವ ಬರುವ ಹೊತ್ತಾಗಿತ್ತು.